ಲಾರಿ ಬರುವ ದಾರಿ

ಬೋರ್‌ವೆಲ್ ಕಂಟ್ರಾಕ್ಟರನ ಆಫೀಸಿನಲ್ಲಿ ಟೀಚರಮ್ಮ ತಮ್ಮ ಕೆಟ್ಟ ಮೋಟಾರಿನ ಚಿಂತೆಯಲ್ಲಿ ಕೂತಿದ್ದರು. ಎದುರು ಬೆಂಚಿನಲ್ಲಿ ಅಣ್ಣ, ತಮ್ಮ. ನಡುವೆ ಇನ್ನೊಬ್ಬರು ಆರಾಮಾಗಿ ಕೂರುವಷ್ಟು ಜಾಗ. ಟೀಚರಮ್ಮನ ಕಣ್ಣು ಪೇಪರಿನ ಮೇಲಿದ್ದರೂ ಕಿವಿಯೆಲ್ಲ ಅತ್ತಲೇ ಇತ್ತು.

"ನೀರು ನಿನ್ನ ಹಿತ್ತಲಲ್ಲೇ ಸಿಗೋದಂತೆ," ಅಂದ ಅಣ್ಣ.

"ಸಿಕ್ಕರೇನು? ಕೊರೆಯೋ ಲಾರಿ ನನ್ನ ಗೇಟಲ್ಲಿ ಹಿಡಿಸಲ್ಲ. ನಿನ್ನ ಅಂಗಳದಿಂದಲೇ ಬರಬೇಕಂತೆ."

"ಮತ್ತೆ ಮಧ್ಯದ ಗೋಡೆ?"

"ಒಡೀಬೇಕಂತೆ."

ಅಣ್ಣ ಗಂಟಲು ಸರಿಮಾಡಿಕೊಂಡ. "ಆ ಗೋಡೆ ನಾನೇ ನಿಂತು ಕಟ್ಟಿಸಿದ್ದು ಕಣೋ."

"ಹಟಕ್ಕೆ ಬಿದ್ದು ಮೇಲೆ ಎರಡಡಿ ಏರಿಸಿದ್ದು ನಾನಲ್ವಾ."

"ನಿಮ್ಮತ್ತಿಗೆ ಏನಂತಾಳೆ ಗೊತ್ತಾ? ಮೊದಲ ಏಟು ತನ್ನದೇ ಅಂತೆ."

"ನಮ್ಮನೇಲೂ ಅದೇ ರಾಗ. ಇಬ್ಬರೂ ಮಾತಾಡಿಕೊಂಡಿರ್ತಾರೆ."

"ಆ ಗೋಡೆ ಇಟ್ಕೊಂಡು ಹೆಂಗೆ ಮಾತಾಡ್ತಾರೋ?"

"ಸ್ಟೂಲು ಹಾಕ್ಕೊಂಡು. ನಾನು ಏರಿಸಿದ ದಿನದಿಂದ್ಲೂ."

ಅಣ್ಣನಿಗೆ ನಗು ತಡೆಯಲಾಗಲಿಲ್ಲ. "ಹೋಗ್ಲಿ ಬಿಡು, ಬೋರು ಆದ್ಮೇಲೆ ಮತ್ತೆ ಕಟ್ಟಿಸಿದ್ರಾಯ್ತು."

"ಕಟ್ಟೋ ಹಾಗಿಲ್ಲ ಅಣ್ಣಾ. ಮೋಟಾರು ಕೆಟ್ಟರೆ ಪೈಪ್ ಎತ್ತೋಕೆ ಗಾಡಿ ಬರಬೇಕಲ್ಲ. ದಾರಿ ಬಿಟ್ಟಿರಿ ಅಂದಿದಾನೆ ಕಂಟ್ರಾಕ್ಟರ್."

"ಅವನೇ ಅಂದ್ನಾ, ನೀನೇ ಹೇಳಿಸಿದ್ಯಾ?"

ತಮ್ಮನ ಕಣ್ಣು ಕಾಲಿನ ಚಪ್ಪಲಿಯತ್ತ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅಣ್ಣ ಎದ್ದು ತಮ್ಮನ ಹೆಗಲ ಮೇಲೆ ಕೈ ಹಾಕಿದ.

"ನಡಿಯೋ. ಇರೋದ್ರಲ್ಲೇ ದೊಡ್ಡ ಲಾರಿ ಕಳಿಸಪ್ಪಾ ಅಂತ ನಾನೇ ಹೇಳ್ತೀನಿ."