ಗೋಧಿ ಕೂಳೆಗೆ ಇಟ್ಟ ಬೆಂಕಿ

ಗೋಧಿ ಕೊಯ್ಲು ಮುಗಿದ ವಾರ, ಸುಟ್ಟಗಾಯದ ವಾರ್ಡಿನ ಕಾವಲುಗಾರರು ತಾವು ಕೇಳಿದ ಈ ಮಾತುಗಳನ್ನು ಅದೇ ಸಂಜೆ ನನಗೆ ಹೇಳಿದರು. ಬೆಂಚಿನ ಮೇಲೆ ಅಣ್ಣ ತಮ್ಮಂದಿರು ಕುಳಿತಿದ್ದರು. ಒಳಗೆ ಅವರ ತಂದೆ.

“ಬೆಂಕಿ ಯಾಕಿಟ್ಟೆ ಅಣ್ಣ? ಕೂಳೆ ನಡುವೇನೇ ಸೋಯಾ ಬಿತ್ತಬಹುದಿತ್ತು.”

“ಹುಲ್ಲು ಬಿತ್ತೋ ಕೂರಿಗೆಗೆ ಸುತ್ಕೊಳ್ತಿತ್ತು ಕಣೋ. ಬಿತ್ತನೆ ತಡವಾದಷ್ಟೂ ಕಾಯಿ ಕಮ್ಮಿ ಅಂತ ಅಪ್ಪಾನೇ ತಲೆ ತಿಂತಿದ್ರು.”

“ಅವರು ಬದುವಿನ ಹತ್ರ ಇದ್ದಿದ್ದು ಕಾಣ್ಲಿಲ್ವಾ?”

“ಗಾಳಿ ತಿರುಗುತ್ತೆ ಅಂತ ಯಾರಿಗೆ ಗೊತ್ತಿತ್ತು?”

“ನಿನಗೆ ಎಲ್ಲಾ ಗೊತ್ತಿರುತ್ತಲ್ಲ, ಅದಕ್ಕೇ ಕೇಳ್ದೆ.”

ದಾದಿ ಬಾಗಿಲು ತೆರೆದು, ಉಳಿಯುವುದು ಕಷ್ಟ, ಬೇಗ ಬಂದು ಮಾತನಾಡಿಸಿ ಎಂದರು.

“ಬಿತ್ತನೆ ಆಯ್ತಾ ಅಂತ ಕೇಳ್ತಾರೆ ಕಣೋ. ಏನು ಹೇಳ್ಲಿ?”

“ಆಯ್ತು ಅನ್ನು. ಅವರು ಹೇಳಿದ ಹಾಗೇ ಸಾಲು ಹತ್ತಿರ ಹತ್ತಿರ ಹಾಕಿದೀವಿ ಅನ್ನು.”

ಅಣ್ಣನ ತೋಳು ಹಿಡಿದು ತಮ್ಮ ಎಬ್ಬಿಸಿದ. ಇಬ್ಬರೂ ಒಳಗೆ ಹೋದರು.