ಮಗ್ಗ ನಿಂತ ಮನಿ

ಅಂಜಿದವರ ಹತ್ರ ಸಪ್ಪಳ ಮಾಡಬಾರದು, ಸುಮ್ಮನ ಬಿಟ್ಟರ ತಾವಾಗೇ ಸುಧಾರಿಸ್ತಾರ. ಇದನ್ನ ಆವಾಗ ಎಲ್ಲಾರೂ ನಂಬಿದ್ರು. ಡಾಕ್ಟರು ನಂಬಿದ್ರು, ದಾರ ಕಟ್ಟಾವ್ರು ನಂಬಿದ್ರು, ಯಾವ ಮಾತಿಗೂ ಒಮ್ಮತ ಆಗದ ನಮ್ಮ ಮಂದಿ ಇದೊಂದಕ್ಕ ಹೂಂ ಅಂದ್ರು. ಆ ಫೋನು ಕೆಳಗ ಇಡು, ಕೇಳೂದಿದ್ರ ಕೇಳು. ನಮ್ಮ ಹಿಂದಿನ ಪಡಸಾಲ್ಯಾಗ ಕುಣಿಮಗ್ಗ ಐತಲ್ಲ, ಕುಣಿಯೊಳಗ ಕಾಲು ಇಳಿಬಿಟ್ಟು ಕುಂತು ನೇಯೋದು, ಅದನ್ನ ನೇಯಾಂವ ನನ್ನ ಮೈದುನ ಬಸಪ್ಪ. ಅವನ ಹೆಂಡತಿ, ನನ್ನ ನೆಗೆಣ್ಣಿ ಶರಣವ್ವ, ಲಾಳಿಗೆ ನೂಲಿನ ಕಂಡಿಕಿ ಸುತ್ತಾಕಿ. ನಾನಂತೂ ಮಗ್ಗ ಮುಟ್ಟಿದಾಕಿ ಅಲ್ಲ. ಲಕ್ಷ್ಮೇಶ್ವರದಾಗ ಇತಿಹಾಸ ಕಲಿಸಿ ರಿಟೈರ್ ಆದಾಕಿ, ಬೆಟಗೇರಿಗೆ ಬಂದು ಪೇಪರ್ ಓದತಿದ್ದಾಕಿ. ಆ ಮಳಿಗಾಲದಾಗ ವಾರಗಟ್ಟಲೆ ಜಿಟಿಜಿಟಿ ಹಿಡದಿತ್ತು. ಪಡಸಾಲಿದು ಹಳೀ ಮಣ್ಣಿನ ಗ್ವಾಡಿ, ನೀರು ಕುಡದು ಕುಂತಿತ್ತು. ನಾನೂ ಶರಣವ್ವನೂ ಅದಕ್ಕ ಬೆನ್ನು ಹಚ್ಚಿ ಕುಂತಿದ್ವಿ, ಬಸಪ್ಪ ಆ ಕಡೆ ನೇಯಾಕಹತ್ತಿದ್ದ. ಗ್ವಾಡಿ ನಮ್ಮ ಮ್ಯಾಲೆ ಬಿತ್ತು. ಬಸಪ್ಪ ಮಗ್ಗ ಬಿಟ್ಟೆದ್ದು ಮಂದಿ ಕರಿಯಾಕ ಓಡಿದ. ಮಣ್ಣು ತಗದು ನೋಡೂದ್ರಾಗ ಶರಣವ್ವನ ಜೀವ ಇರಲಿಲ್ಲ. ನನಗ ಕೈ ಮುರದಿತ್ತು. ಅಷ್ಟರಾಗ ಉಳದಳು, ದೊಡ್ಡದು ಅಂದ್ರು ಮಂದಿ.

ಕೈ ಕೂಡತು. ನಿದ್ದಿ ಬರಲಿಲ್ಲ. ಕಣ್ಣು ಮುಚ್ಚಿದ್ರ ಬಾಯಾಗ ಮಣ್ಣು ಬಂದಂಗ ಆಗೂದು. ತುತ್ತು ಇಳೀತಿರಲಿಲ್ಲ. ಮನ್ಯಾಗ ಸಾವಾದ್ರ ದಿನಕರ್ಮ ಮುಗಿಯೂತನಕ ಮಗ್ಗ ಹಚ್ಚಬಾರದು, ಅದು ನೇಕಾರ ಮಂದಿ ಪದ್ಧತಿ. ಹಚ್ಚಲಿಲ್ಲ, ಸರಿ. ದಿನಕರ್ಮ ಮುಗೀತು. ಆದರೂ ನಿಮ್ಮ ಮಾವ ಮಹೇಶ, ನನ್ನ ಮಗ, ಮಗ್ಗ ಹಚ್ಚಾಕ ಬಿಡಲಿಲ್ಲ. ಅವ್ವ ಅಂಜ್ಯಾಳ, ಆ ಸಪ್ಪಳಕ್ಕ ಅದೆಲ್ಲಾ ನೆನಪಾಗತೈತಿ ಅಂದ. ಬಾಗಲದ ಚಿಲಕಕ್ಕ ಅರಿವಿ ಸುತ್ತಿದ. ಕುಕ್ಕರ್ ಸೀಟಿ ಹೊಡೀತೈತಂತ ಅನ್ನ ಪಾತೇಲ್ಯಾಗ ಮಾಡಿಸಿದ. ಹೆಂಗೈತಿ ನೋಡು ಪ್ರೀತಿ.

ಆಮೇಲೆ ಉಪಚಾರ ಸುರು ಆದ್ವು. ನಮ್ಮ ಸ್ವಾದರತ್ತಿ ಶಿರಹಟ್ಟಿಯಿಂದ ಬಂದು ಕುಡಗೋಲು ಕೆಂಪಗ ಕಾಸಿ ನೀರಾಗ ಅದ್ದಿ ಆ ನೀರು ಕುಡಿಸಿದ್ರು, ಅಂಜಿಕಿ ಇಳೀತೈತಂತ. ಕಬ್ಬಿಣದ ರುಚಿ ಇತ್ತು, ರಕ್ತಕ್ಕರ ಚಲೋ ಅಂತ ಕುಡದೆ. ಬಾಜೂ ಮನಿ ಖೈರುನ್‌ಬಿ ಲಕ್ಷ್ಮೇಶ್ವರದ ದರ್ಗಾಕ್ಕ ಕರಕೊಂಡು ಹೋಗಿ ದಾರ ಕಟ್ಟಿಸಿದಳು. ಅಲ್ಲಿ, ಸುಳ್ಳು ಯಾಕ ಹೇಳಲಿ, ಹುಡುಗರ ಗದ್ದಲದಾಗ ಒಂದಿಷ್ಟು ಕಣ್ಣು ಹತ್ತಿತ್ತು. ನಾ ಅದನ್ನ ಬಸ್ಸಿನ ದಣಿವು ಅನ್ಕೊಂಡೆ, ಅಕಿ ದಾರದ ಗುಣ ಅಂದಳು. ಗದಗಿನ ಡಾಕ್ಟರು ಗುಳಿಗಿ ಕೊಟ್ಟರು. ಗುಳಿಗಿಗೆ ನಾ ಏನೂ ಅನ್ನೂದಿಲ್ಲ, ಎದಿ ಬಡಿತ ಇಳಸಿದ್ವು, ಇನ್ನೂ ಒಂದು ತಗೋತೀನಿ. ನಿಮ್ಮವ್ವ ಹುಬ್ಬಳ್ಳಿಯಿಂದ ವಿಡಿಯೋ ಫೋನಿನ್ಯಾಗ ಒಬ್ಬ ಹುಡುಗೀನ ಗಂಟ ಹಾಕಿದಳು. ಕೌನ್ಸೆಲಿಂಗ್ ಮಾಡಾಕಿ, ಮೂಗು ಸಣ್ಣದು, ದನಿ ಅದಕ್ಕೂ ಸಣ್ಣದು. "ಮೇಡಂ, ಕಣ್ಣು ಮುಚ್ಚಿ ಒಂದು ಶಾಂತ ಜಾಗ ನೆನಪಿಸಿಕೊಳ್ಳಿ" ಅಂದಳು. ನೆನೆಸಿಕೊಂಡೆ. ಮೈಯೆಲ್ಲಾ ಬೆವತು ಫೋನು ಬಂದ್ ಮಾಡಿದೆ. ಮೇಡಂ ಸಹಕರಿಸ್ತಿಲ್ಲ ಅಂತ ನಿಮ್ಮವ್ವಗ ಖಬರ ಹೋತು.

ಮತ್ತ ಯಾರೋ ಅಂದ್ರು, ಊರಾಗ ಗಲಾಟಿ, ಹೊಲದ ಮನ್ಯಾಗ ಇಡ್ರಿ. ಮುಂಡರಗಿ ಕಡೆ ನಮ್ಮಣ್ಣನ ಮಗನ ಹೊಲ ಐತಿ, ಅಲ್ಲಿಗೆ ಒಯ್ದ್ರು. ಗಾಳಿ ಸುದ್ದಾ ಸಪ್ಪಳ ಮಾಡಂಗಿಲ್ಲ ಆ ಹೊಲದಾಗ. ನಾ ಕುಂತಲ್ಲೆ ಚಮಚೆಯಿಂದ ತಾಟು ಬಡಿಯಾಕಹತ್ತಿದೆ. ಬೇಕಂತ ಬಡೀತಿರಲಿಲ್ಲ, ಕೈ ತಾನಾ ಬಡಿಯೂದು. ಅಣ್ಣನ ಮಗ ಹೆದರಿ ಮಹೇಶಗ ಫೋನು ಮಾಡಿದ: ಅತ್ತೀ ತಲಿ ಕೆಟ್ಟೈತಿ ಅನಸತೈತಿ, ಜಲ್ದಿ ಬಾ. ಮಹೇಶ ಬಂದು ನನ್ನ ಮುಖ ನೋಡಿ ಅಲ್ಲೇ ನಿರ್ಧಾರ ಮಾಡಿದ. ಮಗ್ಗ ಮಾರಿಬಿಡೂದು, ಪಡಸಾಲಿ ಕೆಡವೂದು. ನನ್ನ ಮನಿಗೆ ಕರಕೊಂಡು ಬಂದು ಬಸಪ್ಪಗೂ ಹೇಳಿದ. ಆ ಮಗ್ಗ ಬಸಪ್ಪನ ಅನ್ನ. ಹೆಂಡತೀನೂ ಹೋದಳು, ಈಗ ಇದೂ. ಅಂವ ಜಗಳಾ ಮಾಡಿದ್ರ ಚಲೋ ಇತ್ತು. ವೈನಿ, ಅಂದ್ರ ನಾ, ಉಳದ್ರ ಸಾಕು ಅಂತ ಹೇಳಿ ಹಿತ್ತಲಕ್ಕ ಹೋದ. ನನಗ ಅದು ಕೇಳಿಸ್ತು, ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ.

ಕೊಳ್ಳಾಂವ ಬಂದ. ಹೊಟ್ಟಿ ಮುಂದ, ಮನಶಾ ಹಿಂದ. ಮಹೇಶ ಸಣ್ಣ ದನೀಲೆ, ಒಳಗ ಅವ್ವ ಅದಾಳ, ಸಪ್ಪಳ ಬ್ಯಾಡ್ರಿ, ಹಂಗ ನೋಡ್ರಿ ಅಂದ. ಅಂವ ಅಂದ, "ನಾ ಏನು ಕಟಗಿ ಅಡ್ಡೆ ಇಟ್ಟೀನೇನ್ರಿ, ಹಂಗ ನೋಡಿ ಒಯ್ಯಾಕ? ನಾಕು ಗೇಣು ನೇಯ್ದು ತೋರಸ್ರಿ." ಬಸಪ್ಪ ಕುಣಿಗೆ ಇಳದ. ಲಾಳಿ ಆ ಕಡೆ ಈ ಕಡೆ ಓಡಾಕಹತ್ತಿತು, ಖಟಕ್ ಖಟಕ್ ಖಟಕ್. ನಾ ಒಳಗ ಚಾಪಿ ಮ್ಯಾಲೆ ಕುಂತಿದ್ದೆ. ಕುಂತಿದ್ದು ಅಷ್ಟ ನೆನಪು.

ಮಗ್ಗ ನಿಂತ ಕೂಡ್ಲೆ ಧಡಕ್ಕನ ಎಚ್ಚರಾತು. ಗ್ವಾಡಿ ಹಿಡಕೊಂಡು ಬಾಗಲಕ್ಕ ಬಂದೆ.

"ಬಸಪ್ಪಾ, ಯಾಕ ನಿಲ್ಲಿಸಿದಿ?"

"ನಿಮಗ ತ್ರಾಸ ಆಗಬಾರದಂತ, ವೈನಿ."

ಮಹೇಶ ನನ್ನ ಗಲ್ಲದ ಮ್ಯಾಲಿನ ಚಾಪಿ ಗೆರಿ ನೋಡಿದ. "ಅವ್ವಾ, ನೀ ಮಲಗಿದ್ದೇನು?"

ಕೊಳ್ಳಾಂವಗ ಚಾ ಕುಡಿಸಿ ಕಳಿಸಿದ್ರು. ಅಂವ ಬೈಕೋತ ಹೋದ, ಅವಂದೇನು ತಪ್ಪಿಲ್ಲ. ಆಮೇಲೆ ಮಹೇಶ ನನ್ನ ಮುಂದ ಕುಂತು ಮೊದಲನೇ ಸಲ ಕೇಳಿದ: ಅವ್ವಾ, ಅವತ್ತ ಒಳಗ ಏನಾತು? ಅಲ್ಲೀತನಕ ಯಾರೂ ಕೇಳಿರಲಿಲ್ಲ ನೋಡು, ನೆನಪು ಮಾಡಬಾರದಂತ. ಮಗ್ಗದಿಂದ ರೋಗ ವಾಸಿ ಆಗತೈತಿ ಅಂತ ಎಲ್ಲೆರ ಹೇಳಿಗೀಳಿ, ನಗತಾರ. ನನಗ ಇನ್ನೂ ಮಗ್ಗ ನಿಂತ ದಿನ ಎದಿ ಹಾರತೈತಿ, ರೇಡಿಯೋ ಹಚ್ಕೊಂಡು ಕುಂಡ್ರತೀನಿ. ಆದ್ರ ಇಷ್ಟು ತಿಳಕೋರಿ, ಅಂಜಿದವರಿಗೆ ಏನರ ಕುಡಿಸೂಕಿಂತ ಮೊದಲ ಒಂದು ಮಾತು ಕೇಳ್ರಿ.

ನಾ ಮಹೇಶಗ ಹೇಳಿದ್ದು ಇಷ್ಟ. ಮಣ್ಣಿನ ಕೆಳಗ ಶರಣವ್ವ ಜೀವಂತ ಇದ್ದಳು. "ಅಕ್ಕಾ, ಮಗ್ಗ ಯಾಕ ನಿಂತೈತಿ?" ಅಂದಳು. ಆಮೇಲೆ ಅಕೀ ದನಿ ಬರಲಿಲ್ಲ. ಮಂದಿ ಬಂದು ನನ್ನ ತಗಿಯೂತನಕ ಅಲ್ಲಿ ಒಂದು ಸಪ್ಪಳಾನೂ ಇರಲಿಲ್ಲ.