ಮೂರು ಬಳೆಯ ಬಿದಿರು

ಶರಣು ಬಂಧುಗಳೇ, ತಾಯಂದಿರೇ, ಇವತ್ತು ಯಾವುದರ ಮೇಲೆ ಮಾತಾಡಬೇಕೆಂದು ಸಂಘಟಕರು ನನ್ನ ಕೈಗೊಂದು ಚೀಟಿ ಕೊಟ್ಟಿದ್ದಾರೆ. ‘ಸುಸ್ಥಿರ ಅಭಿವೃದ್ಧಿ: ತತ್ವ ಮತ್ತು ಮಹತ್ವ.’ ಎರಡು ಸಲ ಓದಿದೆ, ಬಾಯಾರಿಕೆಯಾಯಿತು. ನಗಬೇಡಿ, ನೀವೂ ಒಂದು ಸಲ ಜೋರಾಗಿ ಹೇಳಿ ನೋಡಿ, ನಾಲಿಗೆ ತೊಡರುತ್ತದೆ. ಆದರೆ ಈ ಮಾತು ನಾಲಿಗೆಗೆ ಬಾರದವರು ಇದನ್ನು ಬದುಕಿ ತೋರಿಸಿದ್ದಾರೆ. ಅವರ ಕಥೆ ಹೇಳುತ್ತೇನೆ. ಹೆಮ್ಮೆಯಿಂದ ಹೇಳುತ್ತೇನೆ. ಯಾಕೆ ಹೆಮ್ಮೆ ಎನ್ನುವುದು ಕೊನೆಗೆ ತಿಳಿಯುತ್ತದೆ.

ಒಂದೂರು. ಊರೆಂದ ಮೇಲೆ ಅಲ್ಲೊಬ್ಬ ಶ್ರೀಮಂತ ಇರಬೇಕಲ್ಲ? ಇದ್ದ. ನೋಡಿ, ಕಥೆಯಲ್ಲಿ ಶ್ರೀಮಂತ ಬಂದ ಕೂಡಲೇ ನೀವು ಅವನನ್ನು ಬೈಯಲು ತಯಾರಾಗಿಬಿಡುತ್ತೀರಿ. ಸ್ವಲ್ಪ ತಡೆಯಿರಿ. ಈತ ಕೆಟ್ಟವನಲ್ಲ. ಬೆಳಗಾಗೆದ್ದು ದುಡಿಯುವವನು, ಆಡಿದ ಮಾತಿಗೆ ತಪ್ಪದವನು. ಆತುರ ಮಾತ್ರ ಹೆಚ್ಚು. ರೇಷ್ಮೆ ಬೆಳೆಯುವವರಿಗೆ ಬೇಕಾದ ಸಾಮಾನಿನ ಅಂಗಡಿ ಇಟ್ಟಿದ್ದ. ಚಂದ್ರಿಕೆಯ ವ್ಯಾಪಾರವೇ ಅವನಿಗೆ ದೊಡ್ಡದು. ಚಂದ್ರಿಕೆ ಎಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ. ಇಲ್ಲಿ ಕುಳಿತಿರುವವರಲ್ಲಿ ಅರ್ಧ ಜನ ರೇಷ್ಮೆಯವರೇ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಊರಿನ ಅಂಚಿಗೆ ಬಿದಿರು ಹೆಣೆಯುವವರ ಕೇರಿ. ಕೇರಿಯ ಹಿಂದೆ ಅವರ ಬಿದಿರುಮೆಳೆಗಳು. ಕೇರಿಗೆಲ್ಲ ಹಿರಿಯಳು ಒಬ್ಬ ಮುದುಕಿ. ಗಟ್ಟಿಗಿತ್ತಿ. ಅವಳು ಹೆಣೆದ ಮೊರದಲ್ಲಿ ನೀರು ಹುಯ್ದರೂ ಒಂದು ಗಳಿಗೆ ನಿಂತು ಹೋಗುತ್ತದೆ ಎಂದು ಸುತ್ತಿನ ಹಳ್ಳಿಯವರು ಹೇಳುತ್ತಿದ್ದರು. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಬಿಡಿ.

ಆ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಮಳೆಗಾಲದಲ್ಲಿ ಮೆಳೆಯ ಬುಡದಿಂದ ಹೊಸ ಕಳಲೆ ಮೊಳೆತು ಏಳುತ್ತದಲ್ಲ, ಅದು ನಾಲ್ಕೇ ತಿಂಗಳಲ್ಲಿ ಆಳೆತ್ತರ ದಾಟಿ ಮುಗಿಲು ನೋಡುತ್ತದೆ. ಹುಟ್ಟುವಾಗ ಎಷ್ಟು ದಪ್ಪವೋ ಕೊನೆಯತನಕ ಅಷ್ಟೇ ದಪ್ಪ. ಅಂದಮೇಲೆ ನಾಲ್ಕು ತಿಂಗಳ ಬಿದಿರಿಗೂ ಮೂರು ವರ್ಷದ ಬಿದಿರಿಗೂ ನೋಡುವ ಕಣ್ಣಿಗೆ ಅಂಥ ವ್ಯತ್ಯಾಸ ಇಲ್ಲ. ಅದಕ್ಕೇ ಆಯುಧಪೂಜೆಯ ದಿನ ಕೇರಿಯ ಹೆಂಗಸರೆಲ್ಲ ಮೆಳೆಗೆ ಹೋಗಿ, ಬಿದಿರು ಸೀಳಿದ ತೆಳ್ಳನೆಯ ದಬ್ಬೆ ಸುತ್ತಿ, ಪ್ರತಿ ಹೊಸ ಬಿದಿರಿಗೂ ಒಂದು ಬಳೆ ತೊಡಿಸುತ್ತಿದ್ದರು. ಬಸುರಿಗೆ ತೊಡಿಸಿದಂತೆ ಅರಿಶಿನ, ಕುಂಕುಮ, ಹಾಡು, ಎಲ್ಲ. ಮಾರನೆಯ ವರ್ಷ ಅದೇ ಬಿದಿರಿಗೆ ಎರಡನೆಯ ಬಳೆ. ಅದರ ಮಾರನೆಯ ವರ್ಷ ಮೂರನೆಯದು. ಮೂರು ಬಳೆ ತೊಟ್ಟ ಬಿದಿರಿಗೆ ಮಾತ್ರ ಮಚ್ಚು. ಒಂದು ಬಳೆಯದಕ್ಕೆ, ಎರಡು ಬಳೆಯದಕ್ಕೆ ಕೈ ಹಾಕುವಂತಿಲ್ಲ. ಯಾರೂ ಹಾಕುವಂತಿಲ್ಲ. ಕೇರಿಯ ಯಜಮಾನನ ಮನೆ ಮುರಿದು ಬಿದ್ದಿದ್ದರೂ ಹಾಕುವಂತಿಲ್ಲ.

ಒಂದು ದೀಪಾವಳಿ ಮುಗಿದ ಮೇಲೆ ಆ ಅಂಗಡಿಯ ಸಾಹುಕಾರ ಕೇರಿಗೆ ಬಂದ. ‘ಯಜಮಾನಮ್ಮಾ, ಶಿವರಾತ್ರಿ ಹೊತ್ತಿಗೆ ಐನೂರು ಚಂದ್ರಿಕೆ ಬೇಕು’ ಅಂದ.

‘ಮೂರು ಬಳೆ ಬಿದ್ರು ಇನ್ನೂರು ಚಂದ್ರಂಕಿಗೆ ಆಯ್ತದೆ ಸಾವ್ಕಾರ್ರೇ. ಮಿಕ್ಕಿದ್ದು ಮುಂದಿನ್ ವರ್ಸ.’

‘ಮೆಳೆ ತುಂಬ ಬಿದಿರು ನಿಂತಿದೆ, ಇಲ್ಲ ಅಂತೀಯಲ್ಲಮ್ಮ!’

‘ನಿಂತದೆ. ಆದ್ರೆ ಅದು ನಂದಲ್ಲ.’

‘ಇನ್ಯಾರದ್ದು?’

‘ಎರಡು ಬಳೇದು ಮುಂದಿನ್ ವರ್ಸದ್ದು. ಒಂದು ಬಳೇದು ಅದ್ರಾಚೆ ವರ್ಸದ್ದು. ನಂಗೆ ಅಂತ ಮಡಗಿರೋದು ಈ ವರ್ಸದ್ದು ಮಾತ್ರ ಕಣಪ್ಪ.’

ಸಾಹುಕಾರನಿಗೆ ನಗು ಬಂತು. ‘ಹಿಂಗೆ ಕೂತ್ರೆ ನಿಮ್ಮ ಕೇರಿ ಉದ್ಧಾರ ಆಗೋದು ಯಾವ ಕಾಲಕ್ಕೆ?’ ಅಂದ.

ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ? ಕೆರೆ ಮುಚ್ಚುವಾಗ ಕೇಳಿದ್ದೇವೆ. ಗುಡ್ಡ ಅಗೆಯುವಾಗ ಕೇಳಿದ್ದೇವೆ. ನಾವೇ ಎಷ್ಟು ಸಲ ಆಡಿದ್ದೇವೆ!

ಮುದುಕಿ ಜಗ್ಗಲಿಲ್ಲ. ಆದರೆ ಅವಳ ಮಗ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವನದು ಸೋರುವ ಗುಡಿಸಲು, ಎರಡು ಮಕ್ಕಳು. ಹೆಂಚಿನ ಮನೆ ಕಟ್ಟಬೇಕೆಂಬ ಆಸೆ. ಆಸೆ ತಪ್ಪೇ? ತಪ್ಪಲ್ಲ. ಸೋರುವ ಮನೆಯಲ್ಲಿ ಮಲಗಿದವನಿಗೆ ‘ಆಸೆ ಪಡಬೇಡ’ ಎಂದು ಉಪದೇಶ ಮಾಡಿದರೆ ನನ್ನ ನಾಲಿಗೆಯಲ್ಲಿ ಹುಳ ಬೀಳುತ್ತದೆ. ಅವನು ಆಸೆಪಟ್ಟಿದ್ದು ಸರಿ. ಆಮೇಲೆ ಮಾಡಿದ್ದನ್ನು ಕೇಳಿ.

ಮುದುಕಿ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಬೇರೆ ಊರಿಗೆ ಹೋದಳು. ಇಲ್ಲಿ ಮಗ ಐನೂರೂ ಆಗುತ್ತದೆ ಎಂದು ಸಾಹುಕಾರನಿಗೆ ಹೇಳಿಕಳಿಸಿ, ಬೆಳಗಿನ ಜಾವ ಒಬ್ಬನೇ ಮೆಳೆಗೆ ಹೋದ. ಬಿದಿರಿನ ಸ್ವಭಾವ ನಿಮಗೆ ಗೊತ್ತಿರಲಿ, ಬಲಿತದ್ದು ಮೆಳೆಯ ಒಳಗೆ ಮುಳ್ಳಿನ ನಡುವೆ ಇರುತ್ತದೆ. ಎಳೆಯದು ಹೊರಗೆ, ಕೈಗೆ ಸಿಗುವ ಹಾಗೆ ನಿಂತಿರುತ್ತದೆ. ಅವನು ಆ ಒಂದು ಬಳೆಯ ಎಳೆ ಬಿದಿರುಗಳಿಗೆ ಇನ್ನೆರಡೆರಡು ಬಳೆ ತೊಡಿಸಿದ. ಅರಿಶಿನ ಇಲ್ಲ, ಕುಂಕುಮ ಇಲ್ಲ, ಹಾಡಿಲ್ಲ. ಸುಳ್ಳು ಬಳೆ! ಮಾರನೆಯ ದಿನ ಕೇರಿಯ ಹುಡುಗರು ಬಂದರು, ಎಣಿಸಿದರು, ಮೂರಿತ್ತು. ಕಡಿದರು.

ಹೆಣೆಯುವವರಿಗಾದರೂ ಗೊತ್ತಾಗಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಾಯಿತು. ‘ದಬ್ಬೆ ಯಾಕೋ ಮೆತ್ತಗದೆ’ ಅಂದರು. ಆದರೆ ಚೆನ್ನಾಗಿ ಬಾಗುತ್ತಿತ್ತು, ಬೆರಳು ಕೊಯ್ಯುತ್ತಿರಲಿಲ್ಲ, ಕೆಲಸ ಬೇಗ ಸಾಗುತ್ತಿತ್ತು. ಸುಮ್ಮನಾದರು. ಸುಲಭವಾಗಿ ಸಿಕ್ಕಿದ್ದನ್ನು ಯಾರು ಪ್ರಶ್ನೆ ಮಾಡುತ್ತಾರೆ, ಹೇಳಿ? ಗುಂಡಿ ಒತ್ತಿದರೆ ನೀರು ಬರುತ್ತದೆ. ಎಲ್ಲಿಂದ ಬಂತು ಎಂದು ನೀವು ಯಾವತ್ತಾದರೂ ಕೇಳಿದ್ದೀರಾ?

ಶಿವರಾತ್ರಿಗೆ ಎರಡು ದಿನ ಇರುವಾಗ ಮುದುಕಿ ಬಂದಳು. ಕೈಚೀಲ ಹಿಡಿದೇ ಮೊದಲು ಮೆಳೆಗೆ ಹೋದಳು. ಹೊರಗಿನ ಸಾಲು ಬೋಳಾಗಿತ್ತು. ಕಡಿದ ಬುಡಗಳ ಬಳಿ ಬಳೆಗಳು ಬಿದ್ದಿದ್ದವು. ಬಗ್ಗಿ ಎತ್ತಿಕೊಂಡಳು. ಪ್ರತಿ ಬುಡಕ್ಕೂ ಮೂರು ಬಳೆ, ಲೆಕ್ಕ ಸರಿಯಾಗಿತ್ತು. ಆದರೆ ಒಂದು ಬಳೆ ಬಿಸಿಲು ಕಂಡು ಬೂದುಬಣ್ಣಕ್ಕೆ ತಿರುಗಿತ್ತು, ಉಳಿದೆರಡರಲ್ಲಿ ಹಸಿರು ಇನ್ನೂ ಆರಿರಲಿಲ್ಲ. ಅವಳಿಗೆ ಎಲ್ಲ ತಿಳಿಯಿತು. ಬಳೆಗಳನ್ನು ಸೆರಗಿಗೆ ತುಂಬಿಕೊಂಡು ಕೇರಿಗೆ ಬಂದಳು.

ಕೇರಿಯ ಅಂಗಳದಲ್ಲಿ ಐನೂರು ಚಂದ್ರಿಕೆ. ಬಾಗಿಲಲ್ಲಿ ಲಾರಿ. ಸಾಹುಕಾರ ನಗುನಗುತ್ತಾ ನಿಂತಿದ್ದಾನೆ. ಮುದುಕಿ ನೆಲಕ್ಕೆ ಕುಳಿತಳು. ಮೊದಲ ಚಂದ್ರಿಕೆ ಎಳೆದುಕೊಂಡು ಬೆರಳಿನ ಗಿಣ್ಣಿನಿಂದ ಬಡಿದಳು. ‘ಠಣ್’ ಅಂತು. ಬಲಕ್ಕಿಟ್ಟಳು. ಇನ್ನೊಂದು ಬಡಿದಳು. ‘ದಪ್’ ಅಂತು. ಎಡಕ್ಕಿಟ್ಟಳು. ಐನೂರನ್ನೂ ಬಡಿದಳು, ನೋಡಿ! ಬೆಳಗ್ಗೆ ಕುಳಿತವಳು ಎದ್ದಾಗ ಹೊತ್ತು ನೆತ್ತಿ ದಾಟಿತ್ತು. ಬಲಕ್ಕೆ ಇನ್ನೂರು, ಎಡಕ್ಕೆ ಮುನ್ನೂರು.

‘ಈ ಇನ್ನೂರು ತಗಂಡೋಗಿ ಸಾವ್ಕಾರ್ರೇ. ಈ ಮುನ್ನೂರ ಕೊಡಕ್ಕಿಲ್ಲ.’

‘ಎರಡೂ ಒಂದೇ ಥರ ಇದೆಯಲ್ಲಮ್ಮ! ಯಾರಿಗೆ ಗೊತ್ತಾಗುತ್ತೆ?’

‘ಇವತ್ತು ಯಾರ್ಗೂ ಗೊತ್ತಾಗಕ್ಕಿಲ್ಲ. ನಾಳೆ ಎಳೇ ಬಿದ್ರಿಗೆ ಕುಟ್ಟೆ ಹುಳ ಹೊಡೀತದೆ. ನಿಮ್ ಅಂಗ್ಡಿ ಹೆಸ್ರು ಹೋಯ್ತದೋ ಇಲ್ವೋ ನಂಗೆ ಬ್ಯಾಡ. ನಮ್ ಕೇರಿ ಹೆಸ್ರು ಹೋಯ್ತದೆ.’

‘ನೀನು ಬೆರಳಲ್ಲಿ ಬಡಿದು ಹೇಳಿದ್ರೆ ನಾನು ನಂಬಬೇಕಾ?’

‘ನಂಬಬ್ಯಾಡಿ. ಇದ್ರಲ್ಲೊಂದು ಅದ್ರಲ್ಲೊಂದು ತಗಂಡೋಗಿ ನಿಮ್ ಅಟ್ಟದ ಮ್ಯಾಲೆ ಮಡಗಿ. ಮಳೆಗಾಲ ಕಳದ್ ಮ್ಯಾಲೆ ಇಳ್ಸಿ ನೋಡಿ. ಎಳೇದು ನೆಟ್ಟಗಿದ್ರೆ ಈ ಮೆಳೇನೆಲ್ಲ ನೀವೇ ಕಡ್ಕಳಿ, ನಾ ಕೇಳಕ್ಕಿಲ್ಲ.’

ಸಾಹುಕಾರ ಹಠವಾದಿ. ಒಪ್ಪಿಕೊಂಡ. ಮಗ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಮುದುಕಿ ಬೈದಳೇ? ಇಲ್ಲ. ಸೆರಗಿನಿಂದ ಎರಡು ಹಸಿ ಬಳೆ ತೆಗೆದು ಅವನ ಅಂಗೈಯಲ್ಲಿಟ್ಟಳು. ‘ಮಡಿಕ್ಕ ಮಗಾ. ನಿನ್ ಮಗ ದೊಡ್ಡೋನಾದ್ ಮ್ಯಾಲೆ ತೋರ್ಸು’ ಎಂದಳು. ಅಷ್ಟೇ.

ಮಳೆಗಾಲ ಬಂತು. ಆ ಕೇರಿಗೆ ಆಗ ಗೊತ್ತಾಯಿತು ತಾನು ಏನು ಕಡಿದುಕೊಂಡಿದ್ದೇನೆ ಎಂದು. ಹೊಸ ಕಳಲೆಗೆ ಶಕ್ತಿ ಕೊಡುವುದು ಹಿಂದಿನ ವರ್ಷದ ಎಳೆ ಬಿದಿರೇ. ಅದೇ ಇಲ್ಲದ ಮೇಲೆ ಕಳಲೆ ಎಲ್ಲಿಂದ ಏಳಬೇಕು? ಆಯುಧಪೂಜೆಯ ದಿನ ಹೆಂಗಸರು ಎಂದಿನಂತೆ ತಟ್ಟೆ ತುಂಬ ಬಳೆ ಮಾಡಿಕೊಂಡು ಹೋದರು. ಒಂದು ಮೆಳೆಯಲ್ಲಿ ಮೂರು ಕಳಲೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಏನೂ ಇಲ್ಲ. ತಂದ ಬಳೆಗಳು ತಟ್ಟೆಯಲ್ಲೇ ಉಳಿದವು. ಹಾಡು ಅರ್ಧಕ್ಕೇ ನಿಂತಿತು. ತಾಯಂದಿರೇ, ತೊಡಿಸಬೇಕೆಂದು ತಂದ ಬಳೆಯನ್ನು ಹಾಗೇ ಮನೆಗೆ ಹೊತ್ತುಕೊಂಡು ಹೋಗುವುದು ಎಂಥ ಸಂಕಟವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅದೇ ಹೊತ್ತಿಗೆ ಸಾಹುಕಾರ ಎರಡು ಚಂದ್ರಿಕೆ ಹೊತ್ತು ಬಂದ. ಆಳಿನ ಕೈಲಿ ಕಳಿಸಲಿಲ್ಲ, ತಾನೇ ಹೊತ್ತು ತಂದ. ಒಂದನ್ನು ನೆಲಕ್ಕೆ ಕುಟ್ಟಿದ, ಹಳದಿ ಹಿಟ್ಟು ಉದುರಿತು. ಹುಳ ಒಳಗಿನದನ್ನೆಲ್ಲ ತಿಂದು ಬರೀ ಆಕಾರ ಉಳಿಸಿತ್ತು. ಇನ್ನೊಂದನ್ನು ಕುಟ್ಟಿದ, ‘ಠಣ್’ ಅಂತು. ‘ಯಜಮಾನಮ್ಮಾ, ನಂದು ತಪ್ಪಾಯ್ತು. ಇನ್ನು ಎಷ್ಟು ದಿನ ಆದ್ರೂ ಕಾಯ್ತೀನಿ, ಮೂರು ಬಳೆಯದ್ದೇ ಕೊಡು’ ಅಂದ.

ಇಲ್ಲಿಗೆ ಕಥೆ ಮುಗಿಸಿದ್ದರೆ ಮುದುಕಿ ಗೆದ್ದಳು, ಚಪ್ಪಾಳೆ. ಆದರೆ ಅವಳಿಗೆ ಚಪ್ಪಾಳೆ ಬೇಕಿರಲಿಲ್ಲ. ‘ಕಾಯೋದೊಂದೇ ಸಾಲ್ದು ಸಾವ್ಕಾರ್ರೇ. ಜಾಸ್ತಿ ಬೇಕು ಅಂದ್ರೆ ಜಾಸ್ತಿ ನೆಡ್ಬೇಕು. ಹಳ್ಳದ ದಂಡೇಲಿ ನಿಮ್ ಜಾಗ ಬೀಳು ಬಿದ್ದದೆ, ಅದ ಬುಡಿ’ ಅಂದಳು. ಸಾಹುಕಾರ ಬಿಟ್ಟುಕೊಟ್ಟ. ಗುಂಡಿ ತೋಡಲು ಮೊದಲು ಹಾರೆ ಹಿಡಿದವನು ಯಾರು? ಆ ಮಗ. ಎಂಟು ವರ್ಷ ಹಿಡಿಯಿತು. ಒಂಬತ್ತನೆಯ ವರ್ಷ ಕೇರಿಯಿಂದ ಐನೂರು ಚಂದ್ರಿಕೆ ಹೊರಟವು, ಒಂದೊಂದೂ ಮೂರು ಬಳೆಯದ್ದು. ಮಾರನೆಯ ವರ್ಷವೂ ಐನೂರು. ಅದರ ಮಾರನೆಯ ವರ್ಷ ಆರುನೂರು. ಮಗನ ಮನೆಗೆ ಹೆಂಚು ಬಂತು, ಕೇರಿಯ ಎಲ್ಲ ಮನೆಗೂ ಬಂತು. ಅಭಿವೃದ್ಧಿ ಅಲ್ಲವೇ ಇದು? ಮುದುಕಿ ಅಭಿವೃದ್ಧಿಯನ್ನು ಬೇಡ ಎನ್ನಲಿಲ್ಲ, ನೋಡಿ. ಎಳೆಯದನ್ನು ಕಡಿದು ಮಾಡುವುದು ಅಭಿವೃದ್ಧಿ ಅಲ್ಲ ಎಂದಳು. ಚೀಟಿಯಲ್ಲಿ ಬರೆದುಕೊಟ್ಟಿದ್ದೀರಲ್ಲ ಆ ಭಾರದ ಮಾತು, ಅದರ ಅರ್ಥ ಇಷ್ಟೇ.

ಈಗ ಹೆಮ್ಮೆಯ ವಿಷಯ. ನನ್ನ ಜೋಳಿಗೆಯಲ್ಲಿ ಏನಿದೆ ನೋಡಿ. ಹಿಂದೆ ಕುಳಿತವರಿಗೂ ಕಾಣಲಿ. ಎರಡು ಬಿದಿರಿನ ಬಳೆ. ಹಸಿರೆಲ್ಲ ಹೋಗಿ ಕಂದಾಗಿವೆ. ಆ ಮಗ ನನ್ನ ತಂದೆ. ಆ ಮುದುಕಿ ನನ್ನ ಅಜ್ಜಿ. ನಾನು ಕಾವಿ ಉಡುವ ಹಿಂದಿನ ದಿನ ನನ್ನಪ್ಪ ಈ ಬಳೆಗಳನ್ನು ಕೈಗಿಟ್ಟು, ‘ಇದು ನಾನ್ ಮಾಡಿದ್ ತಪ್ಪು ಕಣಪ್ಪ, ನಾಕು ಜನಕ್ಕೆ ಹೇಳು’ ಎಂದು ಅತ್ತ. ಬಿದಿರು ಹೆಣೆಯುವವರ ಮನೆಯಲ್ಲಿ ಹುಟ್ಟಿದ್ದೇನೆಂದು ನನಗೆ ಹೆಮ್ಮೆಯಿದೆ. ತಪ್ಪನ್ನು ಮುಚ್ಚಿಡದ ತಂದೆಗೆ ಹುಟ್ಟಿದ್ದೇನೆಂದು ಇನ್ನೂ ಹೆಮ್ಮೆಯಿದೆ.

ಹಾಗಾದರೆ ನಾನು ಶುದ್ಧನೇ? ಕೇಳಿ. ಹೋದ ವರ್ಷ ನಮ್ಮ ಮಠದಲ್ಲಿ ಮೂರನೆಯ ಬೋರ್‌ವೆಲ್ ಕೊರೆಸಿದೆವು. ಮೊದಲೆರಡು ಬತ್ತಿದ್ದವು. ಯಾಕೆ ಬತ್ತಿದವು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೆಲದಡಿಯ ನೀರಿಗೆ ಸುಳ್ಳು ಬಳೆ ತೊಡಿಸಿದವನು ನಾನೇ. ಈ ವರ್ಷ ಮಠದ ಮಾಳಿಗೆಯ ಮಳೆನೀರನ್ನೆಲ್ಲ ಆ ಬತ್ತಿದ ಎರಡಕ್ಕೂ ಇಳಿಸುತ್ತಿದ್ದೇವೆ. ಗುಂಡಿ ತೋಡುವಾಗ ನಾನೂ ಹಾರೆ ಹಿಡಿದೆ. ಕೈಗೆ ಬೊಬ್ಬೆ ಬಂತು, ಒಳ್ಳೆಯದೇ ಆಯಿತು.

ನೀವು? ಕರೆಂಟು ಬಂತೆಂದು ಪಂಪು ಹಾಕಿ ಮರೆತು, ಹಿಪ್ಪುನೇರಳೆ ತೋಟದಲ್ಲಿ ಕೆಸರು ನಿಲ್ಲುವತನಕ ಬಿಡುತ್ತೀರಿ. ಅದು ನಿಮ್ಮ ಮಗಳ ಪಾಲಿನ ನೀರು. ಮದುವೆ ಮನೆಯಲ್ಲಿ ಎಲೆ ತುಂಬ ಬಡಿಸಿಕೊಂಡು ಅರ್ಧ ಬಿಟ್ಟು ಏಳುತ್ತೀರಿ. ಅದನ್ನು ಬೆಳೆದ ಮಣ್ಣು ಮತ್ತೆ ಬಲಿಯಲು ಎಷ್ಟು ವರ್ಷ ಬೇಕು? ಬಳಸಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮಜ್ಜಿಯೂ ಬಿದಿರು ಕಡಿಯುತ್ತಿದ್ದಳು, ಕಡಿದೇ ನಮ್ಮನ್ನು ಸಾಕಿದಳು. ಎಣಿಸಿ, ಆಮೇಲೆ ಕೈ ಹಾಕಿ. ತೆಗೆದಷ್ಟನ್ನು ಮತ್ತೆ ನೆಡಿ. ನಾಳೆಯಿಂದ ಅಲ್ಲ, ಇವತ್ತು ಮನೆಗೆ ಹೋದ ಕೂಡಲೇ.

ಬಾಗಿಲ ಬಳಿ ಒಂದು ಬುಟ್ಟಿ ಇಟ್ಟಿದ್ದೇವೆ. ನಮ್ಮ ಕೇರಿಯ ಹೆಂಗಸರು ಮಾಡಿ ಕಳಿಸಿದ ಬಿದಿರಿನ ಬಳೆಗಳಿವೆ. ಮನೆಗೊಂದು ಒಯ್ಯಿರಿ, ಪಂಪಿನ ಸ್ವಿಚ್ಚಿನ ಪಕ್ಕದ ಮೊಳೆಗೆ ನೇತುಹಾಕಿ, ಒತ್ತುವ ಮೊದಲು ಒಂದು ಸಲ ನೋಡಿ. ಅದು ಮೊದಲನೆಯ ಬಳೆ. ಎರಡನೆಯದನ್ನು ನಿಮ್ಮ ಮಕ್ಕಳು ಹಾಕಲಿ, ಮೂರನೆಯದನ್ನು ಮೊಮ್ಮಕ್ಕಳು ಹಾಕಲಿ. ಮನೆಗೆ ಒಂದೇ ಬಳೆ, ನೆನಪಿರಲಿ. ಆಸೆಪಟ್ಟು ಯಾರಾದರೂ ಮೂರು ಎತ್ತಿಕೊಂಡರೆ ನನ್ನ ಹತ್ತಿರ ಬನ್ನಿ, ನಮ್ಮಪ್ಪನ ಈ ಎರಡು ಬಳೆಯನ್ನೂ ನಿಮ್ಮ ಕೈಗೇ ಕೊಟ್ಟು ಕಳಿಸುತ್ತೇನೆ. ನಿಮ್ಮ ಮಕ್ಕಳಿಗೆ ತೋರಿಸುವಿರಂತೆ.